ಸೆರಗಿನೊಳಗಿನ ಸೀಟಿ

ಹೋಳಿ ಮುಗಿದು ಡೊಂಬಿವಲಿಯ ಬಿಸಿಲು ಚುರುಕಾಗುತ್ತಿದ್ದಂತೆ ನನಗೂ ನನ್ನ ಗೆಳತಿಗೂ ಒಂದು ಬಗೆಯ ಚಡಪಡಿಕೆ ಶುರುವಾಗುತ್ತದೆ. ಉಳಿದವರು ಊರಿಗೆ ಹೋಗಲು ರೈಲಿನ ಟಿಕೆಟ್ ಹುಡುಕುವ ಹೊತ್ತಿನಲ್ಲಿ ನಾವು ಕಛೇರಿಗಳ ಟಿಕೆಟ್ಟಿನ ಹಿಂದೆ ಬಿದ್ದಿರುತ್ತೇವೆ. ದೊಡ್ಡ ದೊಡ್ಡ ಸಂಗೀತೋತ್ಸವಗಳು ನಡೆಯುವುದು ಚಳಿಗಾಲದಲ್ಲಿ, ನಿಜ. ಆದರೆ ನಾವಿಬ್ಬರೂ ನೌಕರಿಯಲ್ಲಿದ್ದಾಗ ಚಳಿಗಾಲವೆಂದರೆ ಮಕ್ಕಳ ಶಾಲೆ, ಪರೀಕ್ಷೆ, ಟಿಫಿನ್ ಡಬ್ಬಿ. ಬೇಸಗೆಯ ರಜೆಗೆ ಮಕ್ಕಳು ಅಜ್ಜಿಯ ಮನೆಗೆ ಹೋದ ಮೇಲೆಯೇ ನಮಗೆ ಬಿಡುವು. ಥಾಣೆ, ಕಲ್ಯಾಣ, ವಾಶಿ, ಎಲ್ಲಿ ಎಸಿ ಹಾಲಿನಲ್ಲಿ ಗಾಯನವಿದೆಯೋ ಅಲ್ಲಿಗೆ ಹೋಗುತ್ತಿದ್ದೆವು. ಮಕ್ಕಳು ದೊಡ್ಡವರಾದರು, ನಾವು ನಿವೃತ್ತರಾದೆವು, ಬೇಸಗೆಯ ಹುಚ್ಚು ಮಾತ್ರ ಹಾಗೆಯೇ ಉಳಿಯಿತು.

ಗೆಳತಿ ಉಡುಪಿ ಕಡೆಯವಳು, ಮನೆಯಲ್ಲಿ ತುಳು. ಅವಳ ಗಂಡನಿಗೆ ಕಲ್ಯಾಣ ಸ್ಟೇಷನ್ ಹತ್ತಿರ ಹೋಟೆಲಿದೆ. ಅವಳು ಥಾಣೆಯ ಬ್ಯಾಂಕೊಂದರಲ್ಲಿದ್ದಳು. ನಾನು ಗದಗದ ಬಟ್ಟೆ ಅಂಗಡಿಯವರ ಮಗಳು, ಲಗ್ನವಾಗಿ ಇಲ್ಲಿಗೆ ಬಂದು ಮಹಾಪೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡಿದವಳು. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಪರಿಚಯ. ಅವಳು ಕಲ್ಯಾಣದಲ್ಲಿ ಹತ್ತಿ ನನಗಾಗಿ ಜಾಗ ಹಿಡಿದಿರುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ನನ್ನನ್ನು ಅಕ್ಕ ಎನ್ನುತ್ತಾಳೆ, ಇಷ್ಟು ವರ್ಷದ ಮೇಲೂ ‘ನೀವು’ ಬಿಟ್ಟಿಲ್ಲ.

ನಮ್ಮ ವಲಯದಲ್ಲಿ ನನ್ನ ಕಿವಿಗೆ ದೊಡ್ಡ ಹೆಸರಿತ್ತು. ನಾನು ಹಾಡುವವಳಲ್ಲ. ಆದರೆ ನಮ್ಮ ಅಂಗಡಿಯ ಹಿಂದಿನ ಮನೆಯಲ್ಲಿ ಒಬ್ಬರು ಸಂಗೀತ ಮಾಸ್ತರರಿದ್ದರು. ಗೋಡೆಯಾಚೆಯಿಂದ ಬರುತ್ತಿದ್ದ ಪಾಠವನ್ನೆಲ್ಲ ಕೇಳಿಕೊಂಡೇ ಬೆಳೆದೆ. ಕಛೇರಿಯಲ್ಲಿ ಹಾಡುವವರು ದನಿ ತೆಗೆದು ಎರಡು ಸ್ವರ ಹಚ್ಚುವಷ್ಟರಲ್ಲಿ ಗೆಳತಿ ನನ್ನ ಕಡೆ ತಿರುಗಿ ಹುಬ್ಬು ಏರಿಸುತ್ತಿದ್ದಳು. ನಾನು ಮೆಲ್ಲಗೆ ರಾಗದ ಹೆಸರು ಹೇಳುತ್ತಿದ್ದೆ. ಆಚೀಚೆ ಕುಳಿತ ಅಪರಿಚಿತರೂ ಅದನ್ನು ಕೇಳಿಸಿಕೊಳ್ಳಲು ನನ್ನ ಕಡೆ ಸ್ವಲ್ಪ ಬಾಗುತ್ತಿದ್ದರು. ಅವರು ಹಾಗೆ ಬಾಗುವುದರ ರುಚಿ ನನಗೆ ಹತ್ತಿತ್ತು.

ಕಿವಿ ಒಂದೇ ದಿನ ಕೈಕೊಡಲಿಲ್ಲ. ಕುಕ್ಕರಿನ ಸೀಟಿ ಕೇಳಿಸದೆ ಬೇಳೆ ತಳ ಹಿಡಿದಾಗ ಕುಕ್ಕರ್ ಸರಿಯಿಲ್ಲ ಎಂದೆ. ಬಾಗಿಲ ಬೆಲ್ ಕೇಳಿಸದಿದ್ದಾಗ ಅದರ ಸೆಲ್ ಬದಲಾಯಿಸಿದೆ. ಪ್ಲಾಟ್‌ಫಾರ್ಮಿನ ಘೋಷಣೆ ತಿಳಿಯದಿದ್ದರೆ ರೈಲ್ವೆಯವರನ್ನು ಬೈದೆ, ಮಗಳ ಫೋನು ಕೇಳಿಸದಿದ್ದರೆ ನೆಟ್‌ವರ್ಕನ್ನು. ಏನಾದರೂ ಕೇಳಿಸದಾಗಲೆಲ್ಲ ಬೇರೆ ಯಾರದೋ ತಪ್ಪು ಕೈಗೆ ಸಿಗುತ್ತಿತ್ತು. ಥಾಣೆಯ ಒಂದು ಕಛೇರಿಯಲ್ಲಂತೂ ತಂಬೂರಿಯ ದನಿಯೇ ಇಲ್ಲವೆಂದು ಸಿಟ್ಟಾಗಿ ಮಧ್ಯಂತರದಲ್ಲಿ ನೇರ ಸೌಂಡಿನವನ ಹತ್ತಿರ ಹೋದೆ. ತಂಬೂರಿ ಇಲ್ಲದೆ ಗಾಯನವೆಂದರೆ ಉಪ್ಪಿಲ್ಲದ ಊಟ ಎಂದು ಅವನಿಗೆ ಪಾಠ ಹೇಳಿದೆ. ಅವನು ನನ್ನ ಮುಖ ನೋಡಿ, ಆಯಿತೆಂದು ತಲೆಯಾಡಿಸಿದ. ದ್ವಿತೀಯಾರ್ಧದಲ್ಲೂ ನನಗೆ ತಂಬೂರಿ ಕೇಳಲಿಲ್ಲ.

ಅದೇ ಸಂಜೆ ಗೆಳತಿ ಹುಬ್ಬು ಏರಿಸಿದಾಗ ನಾನು ‘ಮಾರವಾ’ ಎಂದೆ. ಅದು ಪೂರಿಯಾ. ಎರಡಕ್ಕೂ ಸ್ವರಗಳು ಅವೇ, ನಿಲ್ಲುವ ಜಾಗ ಬೇರೆ, ಮತ್ತು ಆ ಜಾಗ ಗೊತ್ತಾಗುವುದು ಬಹಳ ಮೆತ್ತಗಿನ ಸುಳಿವುಗಳಿಂದ. ಹಾಡಿದವರು ಕೊನೆಗೆ ತಾವೇ ಮೈಕಿನಲ್ಲಿ ರಾಗದ ಹೆಸರು ಹೇಳಿದರು. ನನ್ನ ಕಡೆ ಬಾಗಿದ್ದ ಒಬ್ಬ ಗೃಹಸ್ಥರು ನನ್ನನ್ನು ನೋಡಿ ನಕ್ಕರು. ಗೆಳತಿ ಮಾತ್ರ ವೇದಿಕೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಹೋಟೆಲಿಗೆ ಹೊಸ ಅಡುಗೆಯವನು ಸಿಕ್ಕ ಕತೆ ಹೇಳಿದಳು. ರಾಗದ ಮಾತನ್ನೇ ಎತ್ತಲಿಲ್ಲ. ಅವಳು ಹಾಗೆ ಕಂಡೂ ಕಾಣದಂತೆ ಬಿಟ್ಟದ್ದು ಆ ಗೃಹಸ್ಥರ ನಗುವಿಗಿಂತ ಹೆಚ್ಚು ಚುಚ್ಚಿತು.

ಮಗಳು ಐರೋಲಿಯಲ್ಲಿದ್ದಾಳೆ, ಅಲ್ಲೇ ಐಟಿ ಪಾರ್ಕಿನಲ್ಲಿ ಕೆಲಸ. ಅವಳಿಗೆ ನನ್ನ ಗಂಡ ದೂರು ಹೇಳಿರಬೇಕು. ಒಂದು ಶನಿವಾರ ಬಂದು, ಥಾಣೆಯಲ್ಲಿ ಕೆಲಸವಿದೆ ಎಂದು ಕರೆದುಕೊಂಡು ಹೋಗಿ, ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕಿನ ಮುಂದೆ ರಿಕ್ಷಾ ನಿಲ್ಲಿಸಿದಳು. ಒಳಗೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ. ಕಿವಿಗೆ ಹೆಡ್‌ಫೋನು, ಕೈಗೆ ಒಂದು ಗುಂಡಿ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮೊದಲು ಕೆಲವು ಸದ್ದು ಕೇಳಿದವು, ಆಮೇಲೆ ಬರೀ ನಿಶ್ಶಬ್ದ. ಗಾಜಿನಾಚೆ ಕುಳಿತ ತರುಣಿಯ ಭುಜ ಸ್ವಲ್ಪ ಅಲುಗಿದಾಗಲೆಲ್ಲ ಅವಳು ಸದ್ದು ಹಾಕಿರಬೇಕೆಂದು ಊಹಿಸಿ ನಾನು ಒತ್ತತೊಡಗಿದೆ. ಶಾಲೆಯಲ್ಲಿ ಎಂದೂ ಕಾಪಿ ಹೊಡೆದವಳಲ್ಲ. ಅರವತ್ತು ದಾಟಿದ ಮೇಲೆ ಆ ಡಬ್ಬಿಯಂಥ ಕೋಣೆಯಲ್ಲಿ ಕುಳಿತು ಕಾಪಿ ಹೊಡೆದೆ.

ಆ ತರುಣಿ ಎದ್ದು ಬಾಗಿಲು ತೆರೆದು, ನನ್ನ ಹೆಡ್‌ಫೋನು ಸರಿಸಿ, ಮರಾಠಿಯಲ್ಲಿ, ಚಿಕ್ಕಮ್ಮನನ್ನು ಕರೆಯುವಂತೆ, ಬಹಳ ಮೃದುವಾಗಿ ಹೇಳಿದಳು, ಕಾಕು, ಈಗ ನಾನು ಯಾವ ಸದ್ದೂ ಹಾಕಿರಲಿಲ್ಲ, ಪೆನ್ನು ಬಿದ್ದಿತ್ತು, ಎತ್ತಿಕೊಂಡೆ ಅಷ್ಟೆ. ಮಗಳು ಹಿಂದೆ ಕುರ್ಚಿಯಲ್ಲಿದ್ದಳು, ಫೋನು ನೋಡುತ್ತಿರುವಂತೆ ತಲೆ ತಗ್ಗಿಸಿದಳು.

ಎರಡು ಮಷೀನು ಬಂದವು, ಬೂದು ಬಣ್ಣದವು, ಗೇರುಬೀಜದ ಆಕಾರ. ಕಿವಿಯ ಹಿಂದೆ ಕೂರುತ್ತವೆ, ಒಂದು ತೆಳ್ಳನೆಯ ನಳಿಗೆ ಒಳಗೆ ಹೋಗುತ್ತದೆ. ದಿನವಿಡೀ ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದಳು ಆ ತರುಣಿ. ಕೈಯಿಂದಲೋ ಬಟ್ಟೆಯಿಂದಲೋ ಮುಚ್ಚಿದರೆ ಸೀಟಿ ಹೊಡೆಯುತ್ತವೆ, ನಿಮಗೆ ಆ ಸೀಟಿ ಕೇಳಿಸಲಿಕ್ಕಿಲ್ಲ, ಹತ್ತಿರದವರಿಗೆ ಕೇಳಿಸುತ್ತದೆ ಎಂದೂ ಹೇಳಿದಳು. ಮುಚ್ಚಿ ತೋರಿಸಿದಾಗ ಮಗಳು ಮುಖ ಸಿಂಡರಿಸಿದಳು, ನನಗೇನೂ ಕೇಳಲಿಲ್ಲ. ಕೇಳದ ಸದ್ದನ್ನು ನೆನಪಿಟ್ಟುಕೊಳ್ಳುವುದು ಹೇಗೆ, ಆ ಮಾತು ತಲೆಯಿಂದ ಜಾರಿಹೋಯಿತು.

ಮನೆಗೆ ಬಂದು ಮಷೀನುಗಳನ್ನು ಡಬ್ಬಿಯಲ್ಲಿಟ್ಟು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿಸಿದೆ. ಕನ್ನಡಕ ಬಂದಾಗ ನಾಚಿಕೆಯಾಗಿರಲಿಲ್ಲ, ಹಲ್ಲು ಕಟ್ಟಿಸಿಕೊಂಡಾಗಲೂ ಆಗಿರಲಿಲ್ಲ. ಆದರೆ ಕಿವಿ ನನ್ನ ದೊಡ್ಡಸ್ತಿಕೆಯಾಗಿತ್ತು. ಹಾಡುವವರ ಗಂಟಲು ಹೋದರೆ ಜನ ಮರುಗುತ್ತಾರೆ. ಬರೀ ಕೇಳುವವಳ ಕಿವಿ ಹೋದರೆ ಅದರಲ್ಲಿ ಮರುಗುವಂಥದ್ದೇನೂ ಇಲ್ಲ, ನಗುವುದಷ್ಟೆ. ಗಂಡ ಒಂದು ದಿನ ಕೇಳಿದರು, “ತಂದದ್ದು ಸೀರಿ ಕೆಳಗ ಇಡ್ಲಿಕ್ಕೇನು?” ಕೇಳಿಸದವಳಂತೆ ಸುಮ್ಮನಿದ್ದೆ. ಆ ಒಂದು ಸೌಕರ್ಯವಂತೂ ಇತ್ತು.

ಅಷ್ಟರಲ್ಲಿ ಗೆಳತಿಯ ಫೋನು ಬಂತು. ನಾವಿಬ್ಬರೂ ಪ್ರಾಣ ಬಿಡುವ ಒಬ್ಬ ಹಿರಿಯ ಗಾಯಕಿ ಎಷ್ಟೋ ವರ್ಷಗಳ ಮೇಲೆ ನಮ್ಮ ಕಡೆ ಬರುತ್ತಿದ್ದರು. ಮೇ ತಿಂಗಳ ಒಂದು ಭಾನುವಾರ, ವಾಶಿಯಲ್ಲಿ, ಅದೂ ಬೆಳಗಿನ ಕಛೇರಿ. ಬೆಳಗಿನ ರಾಗಗಳನ್ನು ಬೆಳಗ್ಗೆಯೇ ಕೇಳುವ ಭಾಗ್ಯ ಈಗ ಯಾರಿಗಿದೆ? ಗೆಳತಿ ಮೂರನೆಯ ಸಾಲಿನಲ್ಲಿ ಜಾಗ ಹಿಡಿದಿದ್ದಳು. ಅಂದಿನಿಂದ ದಿನಕ್ಕೊಂದು ಫೋನು. ಭೈರವ ಹಾಡಬಹುದಾ, ತೋಡಿಯಾ, ಕೊನೆಗೆ ಭಜನೆ ಹಾಡುತ್ತಾರಾ, ಕಳೆದ ಸಲ ಕೇಳಿದ್ದು ನಿಮ್ಮ ಮಗಳ ಮದುವೆಗೂ ಮೊದಲಲ್ಲವಾ. ದೀಪಾವಳಿಗೆ ಕಾಯುವ ಮಕ್ಕಳ ಹಾಗೆ ಮಾತಾಡುತ್ತಿದ್ದಳು. ನಾನೂ ಅಷ್ಟೇ ಹುರುಪಿನಿಂದ ಉತ್ತರ ಕೊಡುತ್ತಿದ್ದೆ. ಫೋನು ಇಟ್ಟ ಮೇಲೆ ಬೀರು ತೆರೆದು, ಸೀರೆಗಳ ಕೆಳಗಿನ ಡಬ್ಬಿಯನ್ನು ನೋಡಿ ಮತ್ತೆ ಮುಚ್ಚುತ್ತಿದ್ದೆ. ಆ ಗಾಯಕಿಯ ದನಿ ಕೇಳದೆ ಹೋಗುವುದು ಬೇಕಿರಲಿಲ್ಲ, ಅದಕ್ಕಾಗಿ ಮಷೀನು ಹಾಕಿಕೊಂಡದ್ದು ಗೆಳತಿಗೆ ಕಾಣುವುದೂ ಬೇಕಿರಲಿಲ್ಲ. ಕೊನೆಗೆ ಹಾಕಿಕೊಳ್ಳುವುದು, ಆದರೆ ಮುಚ್ಚಿಡುವುದು ಎಂದು ತೀರ್ಮಾನಿಸಿದೆ.

ಆ ಭಾನುವಾರ ಹಳಿ ರಿಪೇರಿಯ ಮೆಗಾ ಬ್ಲಾಕ್ ಇತ್ತು. ರೈಲುಗಳು ನಿಲ್ಲುವ ಮೊದಲೇ ದಾಟಬೇಕೆಂದು ನಸುಕಿನಲ್ಲೇ ಹೊರಟು, ಥಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿದೆವು. ಗೆಳತಿ ಹಸಿರು ರೇಷ್ಮೆಯುಟ್ಟು ಮಲ್ಲಿಗೆ ಮುಡಿದಿದ್ದಳು. ನಾನು ಜೀವಮಾನವಿಡೀ ತುರುಬು ಕಟ್ಟಿದವಳು ಅಂದು ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟು ಹಿಂದೆ ಸಡಿಲವಾಗಿ ಕ್ಲಿಪ್ ಹಾಕಿದ್ದೆ.

“ಎಂತ ಅಕ್ಕ, ಹೀಗೆ ಬಿಟ್ಟಿದ್ದೀರಿ? ಸೆಖೆ ಆಗುವುದಿಲ್ವಾ?”

ತಲೆ ಒಣಗಿಲ್ಲ ಎಂದು ಸುಳ್ಳು ಹೇಳಿದೆ. ಅವಳು ಮತ್ತೆ ಕೇಳಲಿಲ್ಲ.

ಹಾಲಿನ ಟಾಯ್ಲೆಟ್ಟಿನಲ್ಲಿ ಕನ್ನಡಿಯ ಮುಂದೆ ನಿಂತು ಮಷೀನು ಹಾಕಿಕೊಂಡೆ. ಹೊರಗೆ ಬಂದರೆ ಲೋಕವೆಲ್ಲ ಗಲಾಟೆ. ಪರ್ಸುಗಳ ಜಿಪ್ಪು, ಇಸ್ತ್ರಿಯ ಸೀರೆಗಳ ಸರಬರ, ಯಾರೋ ಪೆಪ್ಪರಮಿಂಟಿನ ಕಾಗದ ಬಿಡಿಸುವುದು. ತಲೆ ಸುತ್ತಿದ ಹಾಗಾಯಿತು. ಜಾಗದಲ್ಲಿ ಕುಳಿತೆ. ಪರದೆ ಸರಿಯಿತು. ಗಾಯಕಿಯ ಹಿಂದೆ ಕುಳಿತ ಇಬ್ಬರು ಶಿಷ್ಯೆಯರು ತಂಬೂರಿ ಮೀಟಿದರು.

ಕೇಳಿಸಿತು. ಇಷ್ಟು ದಿನ ಅದು ಇಲ್ಲದಿರುವುದೇ ರೂಢಿಯಾಗಿಬಿಟ್ಟಿತ್ತು. ನಾಲ್ಕೂ ತಂತಿಗಳು ಒಂದರ ಬೆನ್ನಿಗೆ ಒಂದು, ಅವುಗಳ ಮೇಲೆ ಯಾರೂ ಮೀಟದೆಯೇ ಹುಟ್ಟುವ ಆ ಇನ್ನೊಂದು ಸ್ವರವೂ. ಕಣ್ಣಲ್ಲಿ ನೀರು ಬಂತು. ನಾನೆಷ್ಟು ಮೂರ್ಖಳು, ವಾರಗಟ್ಟಲೆ ಇದನ್ನು ಸೀರೆಯ ಕೆಳಗೆ ಇಟ್ಟಿದ್ದೆನಲ್ಲ ಎಂದುಕೊಂಡೆ. ಗಾಯಕಿ ಆಲಾಪ ಶುರು ಮಾಡಿದರು. ತೋಡಿ ಎಂಬುದು ಕೂಡಲೇ ತಿಳಿಯಿತು. ಆದರೆ ಬರೀ ತೋಡಿಯೋ, ಪಂಚಮವನ್ನು ಪೂರ್ತಿ ಬಿಟ್ಟ ಗುಜರಿ ತೋಡಿಯೋ? ಪಂಚಮ ಬರುತ್ತದೆಯೋ ಇಲ್ಲವೋ ಎಂದು ಉಸಿರು ಹಿಡಿದು ಕಾಯುತ್ತಿದ್ದೆ.

ಆಗ ಗೆಳತಿ ನನ್ನ ಕಡೆ ತಿರುಗಿದಳು. ಹುಬ್ಬು ಏರಿತು, ಮರುಕ್ಷಣ ಅವಳ ನೋಟ ನನ್ನ ಕಣ್ಣಿನಿಂದ ಕಿವಿಯ ಕಡೆ ಜಾರಿದಂತೆ ಅನಿಸಿತು. ಎಸಿಯ ಗಾಳಿಗೆ ಕೂದಲು ಸರಿದಿರಬೇಕು ಎಂದುಕೊಂಡೆ. ಚಳಿಯಾಗುತ್ತಿದೆ ಎಂಬಂತೆ ಭುಜ ಕುಗ್ಗಿಸಿ, ಸೆರಗನ್ನು ತಲೆಯ ಮೇಲೆ ಎಳೆದು, ಎರಡೂ ಕಿವಿ ಮುಚ್ಚುವಂತೆ ಬಿಗಿಯಾಗಿ ಹಿಡಿದುಕೊಂಡೆ.

ಸ್ವಲ್ಪ ಹೊತ್ತಿನಲ್ಲೇ ಮುಂದಿನ ಸಾಲಿನವರು ಹಿಂದೆ ತಿರುಗಿ ನೋಡತೊಡಗಿದರು. ಆಮೇಲೆ ಪಕ್ಕದವರು. ಗಾಯಕಿ ಕಣ್ಣು ತೆರೆದು ಒಮ್ಮೆ ಸಭೆಯ ಕಡೆ ನೋಡಿ ಮತ್ತೆ ಮುಚ್ಚಿದರು. ಏನೋ ಸದ್ದಾಗುತ್ತಿದೆ, ಎಲ್ಲರಿಗೂ ಕೇಳುತ್ತಿದೆ, ನನಗೆ ಮಾತ್ರ ಇಲ್ಲ ಎಂದು ತಿಳಿಯಿತು. ಗಾಬರಿಯಾಯಿತು. ಕೇಳದಿದ್ದದ್ದಕ್ಕಿಂತ, ಕೇಳುತ್ತಿಲ್ಲವೆಂಬುದು ಗೊತ್ತಾಗಿಬಿಟ್ಟೀತೆಂಬ ಗಾಬರಿ. ಹೆಸರಾಂತ ಕಿವಿಯವಳು ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಸದ್ದು ಎಲ್ಲಿಂದ ಬರುತ್ತಿದೆ ಎಂದು ಎಲ್ಲರಿಗಿಂತ ಮೊದಲು ಹೇಳಬೇಕು. ನಾನೂ ಎಲ್ಲರ ಹಾಗೆ ಹುಬ್ಬು ಗಂಟಿಕ್ಕಿ ಹಿಂದೆ ತಿರುಗಿದೆ.

ನನ್ನ ಹಿಂದೆಯೇ ಒಬ್ಬ ಹುಡುಗಿ ಕುಳಿತಿದ್ದಳು. ಇಪ್ಪತ್ತೈದರ ಆಸುಪಾಸು, ಕಾಟನ್ ಕುರ್ತಾ, ಬೆನ್ನಿಗೆ ಹಾಕುವ ಚೀಲವನ್ನು ಕಾಲ ಬಳಿ ಇಟ್ಟುಕೊಂಡಿದ್ದಳು. ತೊಡೆಯ ಮೇಲೆ ಫೋನು, ಅದರಲ್ಲಿ ಬೆಳಕು. ನನಗೆ ಅಷ್ಟು ಸಾಕಾಯಿತು. ಫೋನ್ ಬಂದ್ ಮಾಡಿ ಎಂದು ಮರಾಠಿಯಲ್ಲಿ ಗದರಿಸಿದೆ. ಕಿವಿ ಮಂದವಾದಾಗಿನಿಂದ ನನ್ನ ದನಿ ಏರಿದೆ ಎಂದು ಮನೆಯಲ್ಲಿ ಹೇಳುತ್ತಿರುತ್ತಾರೆ. ಪಿಸುಮಾತೆಂದುಕೊಂಡು ನಾನು ಆಡಿದ್ದು ನಾಲ್ಕಾರು ಸಾಲುಗಳಿಗೆ ಕೇಳಿರಬೇಕು. ಅವಳು ಬೆಚ್ಚಿ, “ಕಾಕು, ಸೈಲೆಂಟ್ ಮೇ ಹೈ” ಎಂದಳು. ಅಷ್ಟೇ ಅಲ್ಲ, ಫೋನನ್ನು ಪೂರ್ತಿ ಆಫ್ ಮಾಡಿ ಕಪ್ಪಾದ ಪರದೆಯನ್ನು ನನಗೆ ತಿರುಗಿಸಿ ತೋರಿಸಿದಳು.

ಜನ ಇನ್ನೂ ನೋಡುತ್ತಲೇ ಇದ್ದರು. ಹಾಗಾದರೆ ಸದ್ದು ಎಲ್ಲಿಂದ ಬರುತ್ತಿದೆ ಎಂದು ನಾನು ಬಿಡದೆ ಕೇಳಿದೆ. ಆ ಸದ್ದನ್ನು ನಾನು ಕೇಳಿರಲೇ ಇಲ್ಲ. ಕೇಳದ ಸದ್ದಿಗೆ ಅಪರಾಧಿಯನ್ನು ಹುಡುಕಿ ಕೊಟ್ಟಿದ್ದೆ. ಅಲ್ಲಿಗೂ ನಿಲ್ಲದೆ ಗೆಳತಿಯ ಕಡೆ ಬಾಗಿ ಕನ್ನಡದಲ್ಲಿ ಹೇಳಿದೆ, “ಇಂಥಾವಕ್ಕ ಸಂಗೀತ ಯಾಕ ಬೇಕು? ರೀಲ್ ಮಾಡ್ಲಿಕ್ಕ ಬರ್ತಾವ, ದನಾ ಮೇಯ್ಲಿಕ್ಕ ಬಂದಂಗ.”

ಗಾಯಕಿ ಹಾಡು ನಿಲ್ಲಿಸಿದರು. ಯಾರದೋ ಯಂತ್ರ ತನ್ನದೇ ಷಡ್ಜ ಹಿಡಿದಿದೆ, ನನ್ನದಕ್ಕೂ ಅದಕ್ಕೂ ಹೊಂದುತ್ತಿಲ್ಲ, ದಯವಿಟ್ಟು ಅದನ್ನು ಸುಮ್ಮನಾಗಿಸಿ ಎಂದು ಹಿಂದಿಯಲ್ಲಿ ಶಾಂತವಾಗಿ ಹೇಳಿದರು. ಸಭೆ ನಕ್ಕಿತು. ಬ್ಯಾಡ್ಜು ಹಾಕಿದ ಸ್ವಯಂಸೇವಕರೊಬ್ಬರು ನಮ್ಮ ಸಾಲಿನ ಹತ್ತಿರ ಬಂದರು. ನಾನು ಬೆರಳಿನಿಂದ ಹಿಂದೆ ತೋರಿಸಿದೆ. ಹುಡುಗಿಯ ಮುಖ ಕೆಂಪಗಾಯಿತು. ವಾದ ಮಾಡಲಿಲ್ಲ. ಚೀಲ ಎತ್ತಿಕೊಂಡು, ಎಲ್ಲರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ಗಾಯಕಿ ಮತ್ತೆ ಷಡ್ಜಕ್ಕೆ ಬಂದರು. ಜನ ಮತ್ತೆ ತಿರುಗಿದರು. ಈಗ ಅವರು ನೋಡುತ್ತಿದ್ದದ್ದು ನೇರವಾಗಿ ನನ್ನನ್ನು.

ಗೆಳತಿಯ ಕೈ ಬಂತು. ನನ್ನ ತಲೆಯ ಮೇಲಿನ ಸೆರಗನ್ನು ಮೆಲ್ಲಗೆ ಹಿಂದಕ್ಕೆ ಸರಿಸಿತು. ಮಗುವಿನ ಕೂದಲು ಸರಿಪಡಿಸುವ ಹಾಗೆ ನನ್ನ ಕೂದಲನ್ನು ಕಿವಿಯ ಹಿಂದೆ ಮಾಡಿ, ತನ್ನ ಬಾಯಿಯನ್ನು ಹತ್ತಿರ ತಂದು ಹೇಳಿದಳು, “ಅಕ್ಕ, ಅದು ನಿಮ್ಮ ಕಿವಿಯಿಂದ.”

ತಿರುಗಿದ್ದ ತಲೆಗಳೆಲ್ಲ ಒಂದೊಂದಾಗಿ ವೇದಿಕೆಯ ಕಡೆ ಹೋದವು. ಸೀಟಿ ನಿಂತಿತೆಂದು ನನಗೆ ಗೊತ್ತಾದದ್ದು ಹಾಗೆ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಎರಡೂ ಮಷೀನುಗಳನ್ನು ಕಿತ್ತು ಪರ್ಸಿಗೆ ಹಾಕಿದೆ. ತಂಬೂರಿ ಹೋಯಿತು. ಶಿಷ್ಯೆಯರ ಬೆರಳುಗಳು ತಂತಿಯ ಮೇಲೆ ಆಡುವುದು ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಹಿಂದೆ ಖಾಲಿ ಕುರ್ಚಿ ಇದೆಯೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಆ ಎಸಿಯಲ್ಲೂ ರವಿಕೆ ಒದ್ದೆಯಾಯಿತು. ಪಂಚಮ ಬಂತೋ ಇಲ್ಲವೋ, ಆ ಪ್ರಶ್ನೆ ನನ್ನನ್ನು ಬಿಟ್ಟು ಎಲ್ಲಿಗೋ ಹೋಗಿತ್ತು.

ಮಧ್ಯಂತರದಲ್ಲಿ ಮನೆಗೆ ಹೋಗೋಣ ಎಂದೆ. ಗೆಳತಿ ಹಟ ಮಾಡಲಿಲ್ಲ. “ಹೋಗುವುದಾದರೆ ಹೋಗುವ ಅಕ್ಕ. ಆದರೆ ಆ ಹುಡುಗಿ ಹೊರಗೆ ಇರಬಹುದು,” ಎಂದಳು.

ಇದ್ದಳು. ಚಹಾದ ಕೌಂಟರಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಚಹಾ ಇರಲಿಲ್ಲ. ಆ ಗದ್ದಲದಲ್ಲಿ ಮಷೀನಿಲ್ಲದೆ ಅವಳು ಆಡುವ ಒಂದು ಮಾತೂ ನನಗೆ ಕೇಳಿಸದು. ಹಾಗಾಗಿ ಅವಳ ಎದುರಿಗೇ ಪರ್ಸು ತೆರೆದು, ಒಂದೊಂದನ್ನೇ ಕಿವಿಗೆ ಹಾಕಿಕೊಳ್ಳಬೇಕಾಯಿತು. ಅವಳು ನೋಡುತ್ತ ನಿಂತಳು. ಹೇಳಬೇಕಾದ್ದರಲ್ಲಿ ಅರ್ಧ ಅಲ್ಲೇ ಮುಗಿಯಿತು. ಉಳಿದರ್ಧವನ್ನು ಮರಾಠಿಯಲ್ಲಿ ಹೇಳಿದೆ. ಸೀಟಿ ನನ್ನದು, ತಪ್ಪು ನನ್ನದು, ಕ್ಷಮಿಸು.

ಅವಳು ಕನ್ನಡದಲ್ಲಿ ಹೇಳಿದಳು, “ನಂಗೆ ಕನ್ನಡ ಗೊತ್ತಾಗ್ತದೆ ಕಾಕು. ಮಾತಾಡ್ಲಿಕ್ಕೆ ಸರೀ ಬರೋದಿಲ್ಲ, ಅಷ್ಟೇ.”

ದನ ಮೇಯಲು ಬಂದ ಹಾಗೆ ಎಂದಿದ್ದೆನಲ್ಲ, ಅದೂ ಅವಳಿಗೆ ತಿಳಿದಿತ್ತು. ನಿಂತ ನೆಲ ಕುಸಿಯಬಾರದೇ ಎನಿಸಿತು. ಕನ್ನಡವನ್ನು ನಾವು ಈ ಊರಿನಲ್ಲಿ ಎಷ್ಟೋ ಸಲ ಹೀಗೆಯೇ ಬಳಸುತ್ತೇವೆ, ಯಾರಿಗೂ ತಿಳಿಯದೆಂಬ ಧೈರ್ಯದಿಂದ, ಎದುರಿಗಿದ್ದವರನ್ನೇ ಆಡಿಕೊಳ್ಳಲು.

ತಾಯಿ ಕುಂದಾಪುರದ ಕಡೆಯವರು, ಮನೆ ಕಲ್ಯಾಣದಾಚೆಯ ಟಿಟ್ವಾಳಾದಲ್ಲಿ ಎಂದು ಗೆಳತಿ ಕೇಳಿದ್ದಕ್ಕೆ ಹೇಳಿದಳು. ಮೆಗಾ ಬ್ಲಾಕಿನ ಹೆದರಿಕೆಗೆ ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟಿದ್ದಳಂತೆ. ಈ ಗಾಯಕಿಯನ್ನು ಎದುರಿಗೆ ಕೂತು ಕೇಳುವುದು ಅವಳಿಗೆ ಮೊದಲ ಸಲ. ಬೇಸಗೆ ಶುರುವಾದಾಗಿನಿಂದ ಈ ದಿನಕ್ಕೇ ಕಾದಿದ್ದಳು. ಮನೆಗೆ ಹೊರಟುಬಿಡಬೇಕು ಅನಿಸಿತಂತೆ, ಆದರೆ ಕಾಲು ಬರಲಿಲ್ಲವಂತೆ. ನಾನು ಮತ್ತೆ ಕ್ಷಮೆ ಕೇಳಿದೆ. ಆಗ ಅವಳು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು, “ಬೈದಿದ್ದು ಎಲ್ಲರ ಮುಂದೆ. ಸಾರಿ ಮಾತ್ರ ಇಲ್ಲಿ, ಚಹಾ ಹತ್ರ?”

ಗೆಳತಿ ನನ್ನ ಮೊಣಕೈ ಹಿಡಿದಳು. ಗಂಟೆ ಬಡಿಯಿತು. ಒಳಗೆ ಹೋಗಿ, ಜನ ಇನ್ನೂ ಕೂರುತ್ತಿರುವಾಗ, ನನ್ನ ಜಾಗದಲ್ಲಿ ಹಿಂದೆ ಮುಖ ಮಾಡಿ ನಿಂತೆ. ಹೀಗೆ ಸಭೆಯಲ್ಲಿ ಹಿಂದೆಂದೂ ನಿಂತು ಮಾತಾಡಿದವಳಲ್ಲ. ಆ ಸದ್ದು ನನ್ನ ಕಿವಿಯ ಮಷೀನಿನದು, ಆ ಹುಡುಗಿಯದು ಏನೂ ತಪ್ಪಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದೆ. ದನಿ ಎಷ್ಟು ಏರಿತೋ ಎಷ್ಟು ಇಳಿಯಿತೋ ತಿಳಿಯದು. ಇಬ್ಬರು ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಒಬ್ಬರು ಆಯಿತು ಆಯಿತು ಎಂಬಂತೆ ಕೈ ಬೀಸಿ ಕೂರಲು ಸನ್ನೆ ಮಾಡಿದರು. ಹೆಚ್ಚಿನವರು ಕೇಳಿಸಿಕೊಳ್ಳಲೇ ಇಲ್ಲ, ಯಾರೋ ಮುದುಕಿ ಜಾಗಕ್ಕಾಗಿ ಜಗಳವಾಡುತ್ತಿದ್ದಾಳೆಂದು ತಿಳಿದಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ಹುಡುಗಿಯೇ ಇನ್ನೂ ಒಳಗೆ ಬಂದಿರಲಿಲ್ಲ. ದೀಪ ಆರಿದ ಮೇಲೆ ಬಂದು ಕುಳಿತಳು. ನಾನು ನಿಂತು ಹೇಳಿದ್ದನ್ನು ಯಾರಾದರೂ ಅವಳಿಗೆ ತಿಳಿಸಿದರೋ ಇಲ್ಲವೋ ಗೊತ್ತಿಲ್ಲ. ತಿರುಗಿ ನಾನೇ ಹೇಳುವುದು, ಮಾಡಿದ್ದಕ್ಕೆ ರಸೀದಿ ಕೇಳಿದ ಹಾಗಾಗುತ್ತಿತ್ತು.

ಉಳಿದ ಗಾಯನವನ್ನು ಮಷೀನು ಹಾಕಿಕೊಂಡು, ಸೆರಗು ಹೊದೆಯದೆ, ಚಳಿಗೆ ನಡುಗುತ್ತ ಕುಳಿತು ಮುಗಿಸಿದೆ. ಪ್ರತಿ ಸಲ ಯಾರಾದರೂ ತಲೆ ಅಲುಗಿಸಿದಾಗ ನನ್ನ ಕಿವಿಯೇ ಕೂಗಿತೆಂದು ಬೆಚ್ಚುತ್ತಿದ್ದೆ. ಸ್ವರಗಳು ಕಿವಿಗೆ ಬೀಳುತ್ತಿದ್ದವು, ಒಳಗೆ ಇಳಿಯಲಿಲ್ಲ. ಗೆಳತಿ ಕೊನೆಯ ಭಜನೆಗೆ ಕಣ್ಣೊರೆಸಿಕೊಂಡಳು. ಅವಳ ಬೇಸಗೆಯನ್ನಾದರೂ ನಾನು ಪೂರ್ತಿ ಕೆಡಿಸಲಿಲ್ಲವಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ವಾಪಸು ರೈಲಿನಲ್ಲಿ ಅವಳನ್ನು ಕೇಳಿದೆ, “ನಿನಗ ಯಾವಾಗಿಂದ ಗೊತ್ತಿತ್ತು?”

“ಥಾಣೆಯಲ್ಲಿ ತಂಬೂರಿ ಇಲ್ಲ ಅಂತ ಆ ಮನುಷ್ಯನಿಗೆ ಬೈದಿರಲ್ಲ, ಆವತ್ತಿನಿಂದ.”

“ಹೇಳಬಾರದಿತ್ತೇನು?”

ಕಿಟಕಿಯ ಹೊರಗೆ ಹಿನ್ನೀರಿನ ಖಾಡಿಯ ಕೆಸರು ಬಿಸಿಲಿಗೆ ಮಿನುಗುತ್ತಿತ್ತು. ಅವಳು ಅದನ್ನೇ ನೋಡುತ್ತ, “ಹೇಗೆ ಹೇಳುವುದು ಅಕ್ಕ? ನೀವು ತಪ್ಪು ಹೇಳಿದಾಗ ನನಗೇ ನಾಚಿಕೆ ಆಗ್ತಿತ್ತು. ನನಗೆ ಯಾಕೆ ಆಗಬೇಕು, ಗೊತ್ತಿಲ್ಲ. ಆಗ್ತಿತ್ತು,” ಎಂದಳು.

ಆ ಹುಡುಗಿಯೂ ಅದೇ ಡಬ್ಬಿಯಲ್ಲಿದ್ದಳು, ಬಾಗಿಲ ಹತ್ತಿರ, ಕಿವಿಗೆ ಇಯರ್‌ಫೋನ್ ಹಾಕಿ ಕಣ್ಣು ಮುಚ್ಚಿಕೊಂಡು. ಥಾಣೆಯಲ್ಲಿ ಇಳಿಯುವಾಗ ನಮ್ಮ ಕಡೆ ನೋಡಿ, “ಬರ್ತೀನಿ ಕಾಕು,” ಎಂದು ಗುಂಪಿನಲ್ಲಿ ಸೇರಿಹೋದಳು. ನನಗೆ ಅಷ್ಟು ಸಿಕ್ಕಿದ್ದೇ ಹೆಚ್ಚು.

ಎರಡು ವಾರದ ಮೇಲೆ ಡೊಂಬಿವಲಿಯಲ್ಲಿ ನಮ್ಮವರ ಮನೆಯ ಒಂದು ನಾಮಕರಣಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಒಬ್ಬಾಕೆ ಕತೆ ಹೇಳಹತ್ತಿದರು. ವಾಶಿಯ ಕಛೇರಿಯಲ್ಲಿ ಒಬ್ಬ ಮುದುಕಿಯ ಕಿವಿಯೇ ಸೀಟಿ ಹೊಡೆಯಿತಂತೆ, ಅವಳು ಮೂರು ಹುಡುಗಿಯರನ್ನು ಹೊರಗೆ ಹಾಕಿಸಿದಳಂತೆ, ಕೊನೆಗೆ ಗಾಯಕಿಯೇ ಕೆಳಗಿಳಿದು ಬಂದು ಮಷೀನು ಕಿತ್ತರಂತೆ. ಪಂಕ್ತಿಯ ಜನವೆಲ್ಲ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಹೆಚ್ಚು ನಕ್ಕೆನೇನೋ. ಅವತ್ತು ಮಷೀನು ಹಾಕಿಕೊಂಡು ಹೋಗಿರಲಿಲ್ಲ. ಆದರೂ ಆ ಕತೆ ಒಂದಕ್ಷರ ಬಿಡದೆ ಕೇಳಿಸಿತು.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಆಕಿ ನಾನಽ ಅಂತ ಹೇಳಿಬಿಡಬೇಕಿತ್ತು,” ಎಂದರು. ಹೇಳಬೇಕಿತ್ತು. ನನ್ನಲ್ಲಿದ್ದ ಧೈರ್ಯವೆಲ್ಲ ವಾಶಿಯಲ್ಲಿ ಆ ಒಂದು ಸಲ ಎದ್ದು ನಿಂತದ್ದಕ್ಕೇ ಖರ್ಚಾಗಿಹೋಗಿತ್ತೇನೋ. ಅಲ್ಲಿ ಗುರುತಿಲ್ಲದವರ ಎದುರು ನಿಂತಿದ್ದೆ. ಇಲ್ಲಿ ನನ್ನ ಕಿವಿಯನ್ನು ಹೊಗಳಿದ ಜನ ಎಲೆಯ ಮುಂದೆ ಕುಳಿತಿದ್ದರು.

ಮಳೆ ಹಿಡಿಯುವ ಮೊದಲು ಥಾಣೆಯಲ್ಲಿ ಇನ್ನೊಂದು ಕಛೇರಿ ಇತ್ತು, ಒಬ್ಬ ಎಳೆಯ ಗಾಯಕನದು. ಗೆಳತಿ ನನ್ನನ್ನು ಕೇಳದೆಯೇ ಎರಡು ಟಿಕೆಟ್ ತೆಗೆದಿದ್ದಳು. ಬರುತ್ತೇನೆ, ಆದರೆ ಕೊನೆಯ ಸಾಲಿನ ಮೂಲೆಯಾದರೆ ಮಾತ್ರ ಎಂದೆ. ಅವಳು ಮುಂದಿನ ಜಾಗ ಬದಲಾಯಿಸಿಕೊಂಡು ನನ್ನ ಜೊತೆಗೆ ಮೂಲೆಗೆ ಬಂದಳು. ಇನ್ನೊಂದು ಪಕ್ಕದಲ್ಲಿ ಬಿಳಿ ಶರ್ಟಿನ ಒಬ್ಬ ಅಜ್ಜ ಕುಳಿತಿದ್ದರು. ಈ ಸಲ ಮೊದಲೇ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿ ಅವರ ಕಡೆ ತಿರುಗಿ, ನನ್ನ ಕಿವಿಯಲ್ಲಿ ಮಷೀನಿದೆ, ಒಮ್ಮೊಮ್ಮೆ ಸೀಟಿ ಹೊಡೆಯುತ್ತದೆ, ಹೊಡೆದರೆ ದಯವಿಟ್ಟು ನನ್ನ ಕೈ ತಟ್ಟಿ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದೆ.

ಅವರು ನಗುತ್ತ ತಲೆಯಾಡಿಸಿ, ಅಂಗೈಯನ್ನು ಕಿವಿಯ ಹಿಂದೆ ಹಿಡಿದು, ಏನಂದಿರಿ ಎಂದು ಕೇಳಿದರು.

ಮತ್ತೆ ಹೇಳಿದೆ. ಅವರು ಇನ್ನಷ್ಟು ಬಾಗಿದರು. ಗೆಳತಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರನೆಯ ಸಲ ದನಿ ಏರಿಸಿ ಹೇಳಲೇಬೇಕಾಯಿತು. ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ನನ್ನ ಮುಖ ಬಿಸಿಯಾಯಿತು, ಕಿವಿಯ ತುದಿಯವರೆಗೆ. ತಲೆ ತಗ್ಗಿಸಿಕೊಂಡು, ಪರದೆ ಬೇಗ ಸರಿಯಲಿ ಎಂದು ಕಾಯುತ್ತ ಕುಳಿತೆ.